ಫಾರ್ಮ್ಯಾಟ್ ಮಾಡಬೇಡಿ, ಬಿಲ್ಡ್ ಫೋಲ್ಡರ್ ಉಂಟಾ ನೋಡಿ

ಕಳೆದ ವರ್ಷ ಅಷ್ಟಮಿಗೆ ಇನ್ನೆರಡು ವಾರ ಇತ್ತು. ರಾತ್ರಿ ಹತ್ತೂವರೆಗೆ ಅಕ್ಕನ ಮಗಳ ಫೋನ್. ಅವಳು ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಪಿಜಿಯಲ್ಲಿ ಇರುವುದು.

"ಚಿಕ್ಕಿ, ಲ್ಯಾಪ್‌ಟಾಪ್ ಆನ್ ಆಗ್ತದೆ. ಆದ್ರೆ ಲಾಗಿನ್ ಸ್ಕ್ರೀನೇ ಬರ್ತಿಲ್ಲ, ಪೂರಾ ಕಪ್ಪಗೆ ಉಂಟು. ಸಂಜೆ ರಿಪೇರಿ ಅಂಗಡಿಗೆ ತಗೊಂಡು ಹೋಗಿದ್ದೆ. ಫಾರ್ಮ್ಯಾಟ್ ಮಾಡ್ಬೇಕು ಅಂತಾರೆ."

"ಅದಕ್ಕೆ ಮೊದಲು ಎಂತ ಮಾಡಿದ್ದೆ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲ ಹೇಳಿದಳು. "ಕೈರೋ ಇನ್‌ಸ್ಟಾಲ್ ಮಾಡಿದೆ. ಸೋರ್ಸ್‌ನಿಂದ."

ನಿಜ ಹೇಳ್ತೇನೆ, ಕೇಳಿ ನನಗೆ ಖುಷಿಯಾಯಿತು. ಹದಿನಾಲ್ಕು ವರ್ಷದಿಂದ ಉಡುಪಿಯಲ್ಲಿ ಮನೆಯಲ್ಲೇ ಕೂತು ಪ್ರೋಗ್ರಾಮಿಂಗ್ ಕೆಲಸ ಮಾಡುತ್ತಿದ್ದೇನೆ. ಕೆಲಸ ಕಲಿಯಲು ಎಷ್ಟೋ ಮಕ್ಕಳು ಬಂದಿದ್ದಾರೆ. ಲೈಬ್ರರಿ ಅಂದರೆ ಬೇರೆ ಪ್ರೋಗ್ರಾಮ್‌ಗಳು ಕರೆದು ಬಳಸುವ ಸಿದ್ಧ ಕೋಡ್. ಅದರ ಸೋರ್ಸ್, ಅಂದರೆ ಬರೆದವರ ಮೂಲ ಕೋಡ್ ತಂದು, ತಾನೇ ಬಿಲ್ಡ್ ಮಾಡಲು, ಅಂದರೆ ಕಂಪ್ಯೂಟರ್ ನಡೆಸುವ ರೂಪಕ್ಕೆ ಕಟ್ಟಲು ಧೈರ್ಯ ಮಾಡಿದವರು ಬೆರಳೆಣಿಕೆ. ಆ ಧೈರ್ಯದ ಬಗ್ಗೆಯೇ ಇವತ್ತು ಬರೆಯಬೇಕು ಅನಿಸಿತು.

ಕೈರೋ ಅಂದರೆ ಎರಡು ಆಯಾಮದ ಚಿತ್ರ ಬಿಡಿಸುವ ಲೈಬ್ರರಿ. ಗೆರೆ, ಬಣ್ಣ, ಅಕ್ಷರ. ಬಿಡಿಸುವ ಕೋಡ್ ಒಂದೇ. ಅದನ್ನೇ ಪರದೆಗೂ ಕಳಿಸಬಹುದು, ಪಿಎನ್‌ಜಿ ಚಿತ್ರಕ್ಕೂ ಕಳಿಸಬಹುದು, ಪಿಡಿಎಫ್‌ಗೂ ಕಳಿಸಬಹುದು. ಕೀತ್ ಪ್ಯಾಕರ್ಡ್ ಮತ್ತು ಕಾರ್ಲ್ ವರ್ತ್ ಶುರು ಮಾಡಿದ್ದು. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಮ್ ಬಳಸುವವರೆಲ್ಲ ಗೊತ್ತಿಲ್ಲದೆ ಇದನ್ನು ಬಳಸುತ್ತಾರೆ. ಲಿನಕ್ಸ್‌ನಲ್ಲಿ ಜಿಟಿಕೆ 3, ಅಂದರೆ ಕಿಟಕಿ-ಬಟನ್ ಮಾಡುವ ಲೈಬ್ರರಿಯಲ್ಲಿ ಬರೆದ ಪ್ರತಿ ಕಿಟಕಿಯ ಹಿಂದೆಯೂ ಇದೇ ಇದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವಳಿಗೆ ಕೈರೋ ಯಾಕೆ ಬೇಕಾಯಿತು ಅಂದರೆ, ನಮ್ಮ ಕೇರಿಯ ಹುಡುಗರು ಅಷ್ಟಮಿಗೆ ಸಣ್ಣ ಮಕ್ಕಳ ಹುಲಿವೇಷ ಸ್ಪರ್ಧೆ ಇಟ್ಟಿದ್ದರು. ಕುಣಿದ ಪ್ರತಿ ಮಗುವಿಗೂ ಕನ್ನಡದಲ್ಲಿ ಹೆಸರು ಹಾಕಿದ ಪ್ರಮಾಣಪತ್ರ ಕೊಡಬೇಕು. ನೂರಕ್ಕೂ ಜಾಸ್ತಿ ಹೆಸರು. ಒಂದೊಂದಾಗಿ ಟೈಪ್ ಮಾಡುವ ಬದಲು ಪ್ರೋಗ್ರಾಮ್ ಬರೆಯುತ್ತೇನೆ ಅಂದಳು. ಬರೆದಳು. ಪಿಡಿಎಫ್ ಬಂತು. ಆದರೆ 'ಕಾರ್ತಿಕ್' ಅಂತ ಇರಬೇಕಾದಲ್ಲಿ ಕ ಒಂದು ಕಡೆ, ಇಳಿ ಒಂದು ಕಡೆ, ರ ಒಂದು ಕಡೆ, ತ ಒಂದು ಕಡೆ, ಗುಡಿಸು ಇನ್ನೊಂದು ಕಡೆ. ಅರ್ಕಾವೊತ್ತು ಇಲ್ಲವೇ ಇಲ್ಲ. ಯಾರೋ ಗೆಳೆಯ ಹೇಳಿದನಂತೆ: "ನಿನ್ನದು ಹಳೇ ವರ್ಷನ್, ಹೊಸತು ಹಾಕು, ಸರಿ ಆಗ್ತದೆ."

ಅವಳ ಲ್ಯಾಪ್‌ಟಾಪ್‌ನಲ್ಲಿ ಕ್ಸುಬುಂಟು 22.04, ಉಬುಂಟು ಲಿನಕ್ಸ್‌ನದೇ ಒಂದು ರೂಪ. ಅದರ ಜೊತೆ ಬರುವುದು ಕೈರೋ 1.16, 2018ರದ್ದು. ಮುಂದಿನ ಸ್ಥಿರ ಆವೃತ್ತಿ 1.18 ಬಂದಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದರಲ್ಲಿ 'ಕಾನ್ಫಿಗರ್, ಮೇಕ್' ಅಂತ ಕಟ್ಟುವ ಹಳೆಯ ದಾರಿ ಇಲ್ಲ. ಮೆಸನ್ ಎಂಬ ಬಿಲ್ಡ್ ಸಿಸ್ಟಮ್‌ನಲ್ಲೇ ಕಟ್ಟಬೇಕು. ಫಿನ್ಲೆಂಡಿನ ಯೂಸಿ ಪಕ್ಕನೆನ್ ಮಾಡಿದ್ದು ಇದು. ಮೆಸನ್ ಮೊದಲು ನಿಮ್ಮ ಕಂಪ್ಯೂಟರ್‌ನಲ್ಲಿ ಏನುಂಟು, ಏನಿಲ್ಲ ಅಂತ ಹುಡುಕುತ್ತದೆ. ಆಮೇಲೆ ಯಾವ ಫೈಲ್ ಆದಮೇಲೆ ಯಾವುದು ಅಂತ ಪಟ್ಟಿ ಬರೆದು ನಿಂಜಾ ಎಂಬ ಇನ್ನೊಂದು ಸಣ್ಣ ಪ್ರೋಗ್ರಾಮ್‌ಗೆ ಕೊಡುತ್ತದೆ. ನಿಂಜಾ ಆ ಪಟ್ಟಿ ನೋಡಿ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ನ ಕೈಲಿ ಕೆಲಸ ಮಾಡಿಸುತ್ತದೆ, ಅಷ್ಟೆ.

ಮೆಸನ್ ಸೆಟಪ್, ನಿಂಜಾ, ಸುಡೊ ನಿಂಜಾ ಇನ್‌ಸ್ಟಾಲ್. ಮೂರು ಸಾಲು. ಸುಡೊ ಅಂದರೆ ಇಡೀ ಸಿಸ್ಟಮ್ ಬದಲಿಸುವ ಅಧಿಕಾರದಿಂದ ನಡೆಸು ಅಂತ. ಎಲ್ಲಿಯೂ ಕೆಂಪು ಎರರ್ ಬರಲಿಲ್ಲ. ಕೊನೆಗೆ, ಹೊಸ ಲೈಬ್ರರಿ ಎಲ್ಲುಂಟು ಅಂತ ಸಿಸ್ಟಮ್‌ಗೆ ತಿಳಿಸುವ ಸುಡೊ ಎಲ್‌ಡಿಕಾನ್ಫಿಗ್ ಕೂಡ ಕೊಟ್ಟಳು. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದಳು. ಕಪ್ಪು.

ನಾನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಬಿಲ್ಡ್ ಫೋಲ್ಡರ್ ಅಳಿಸಿದ್ದೀಯಾ?"

"ಇಲ್ಲ ಚಿಕ್ಕಿ."

"ಹಾಗಾದ್ರೆ ಹೆದರ್ಬೇಡ."

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿಸಿದೆ. ಬರೀ ಅಕ್ಷರಗಳ ಪರದೆ ಬಂತು. ಹೆಸರು, ಪಾಸ್‌ವರ್ಡ್ ಹಾಕಿ ಒಳಗೆ ಹೋದಳು. ಬಿಲ್ಡ್ ಫೋಲ್ಡರ್‌ಗೆ ಹೋಗಿ ಸುಡೊ ನಿಂಜಾ ಅನ್‌ಇನ್‌ಸ್ಟಾಲ್ ಕೊಡಿಸಿದೆ. ಎಲ್ಲಿ ಯಾವ ಫೈಲ್ ಹಾಕಿದ್ದೇನೆ ಅಂತ ಮೆಸನ್ ಆ ಫೋಲ್ಡರ್‌ನಲ್ಲೇ ಬರೆದಿಟ್ಟುಕೊಂಡಿರುತ್ತದೆ. ಅದೇ ಲೆಕ್ಕ ನೋಡಿ ಒಂದೊಂದನ್ನೇ ತೆಗೆಯಿತು. ಮತ್ತೊಮ್ಮೆ ಎಲ್‌ಡಿಕಾನ್ಫಿಗ್. ರೀಸ್ಟಾರ್ಟ್. "ಬಂತು! ಬಂತು!" ಅಂತ ಅವಳು ಕೂಗಿದ್ದಕ್ಕೆ ಪಕ್ಕದ ರೂಮಿನವರು ಬಾಗಿಲು ಬಡಿದರು.

ಎಲ್ಲ ಸೇರಿ ಹತ್ತು ನಿಮಿಷ. ಫಾರ್ಮ್ಯಾಟ್ ಮಾಡಿದ್ದರೆ ಎರಡು ವರ್ಷದ ನೋಟ್ಸ್, ಪ್ರಾಜೆಕ್ಟ್, ಫೋಟೋ ಎಲ್ಲ ಹೋಗುತ್ತಿತ್ತು. ಅದಕ್ಕೇ ನನಗೆ ಸಿಟ್ಟು ಬರುವುದು. ಏನಾಗಿದೆ ಅಂತ ಕೇಳುವ ಮೊದಲೇ ಫಾರ್ಮ್ಯಾಟ್ ಅನ್ನುತ್ತಾರೆ. ಮನೆಯಲ್ಲೂ ಅಷ್ಟೇ. "ಸುಮ್ನೆ ಇದ್ದದ್ದನ್ನು ಕೆಡಿಸಿದೆ, ನಿಂಗೆ ಯಾಕೆ ಬೇಕಿತ್ತು" ಅಂತ ಬೈದರೆ ಆ ಮಗು ಇನ್ನು ಯಾವತ್ತೂ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ಮುಟ್ಟುವುದಿಲ್ಲ.

ಆ ಶನಿವಾರ ಬಸ್ಸು ಹತ್ತಿ ಉಡುಪಿಗೆ ಬಂದಳು. ಹೊರಗೆ ಬಿಡದೆ ಸುರಿಯುವ ಮಳೆ. ಒಳಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್. ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಮೊದಲಿಂದ ಶುರು ಮಾಡಿದೆವು. ಮೆಸನ್‌ನಲ್ಲಿ ನನಗೆ ಇಷ್ಟವಾದ ಗುಣ ಇದು. ಸೋರ್ಸ್ ಇರುವ ಫೋಲ್ಡರ್ ಒಳಗೇ ಎಲ್ಲ ಕಲಸಲು ಅದು ಬಿಡುವುದಿಲ್ಲ, ಬಿಲ್ಡ್‌ಗೆ ಬೇರೆ ಫೋಲ್ಡರ್ ಬೇಕೇ ಬೇಕು. ಹಾಗಾಗಿ ತಪ್ಪಿದರೆ ಎಸೆದು ಹೊಸದು ಮಾಡಿಕೊಳ್ಳಬಹುದು.

ಸೆಟಪ್ ಮುಗಿದಾಗ ಕೈರೋ ಕೊನೆಯಲ್ಲಿ ಒಂದು ಪಟ್ಟಿ ಕೊಡುತ್ತದೆ. ಯಾವ ಯಾವ ಕಡೆಗೆ ಚಿತ್ರ ಬಿಡಿಸಬಲ್ಲೆ ಅಂತ. ಇಮೇಜ್, ಯೆಸ್. ಪಿಡಿಎಫ್, ಯೆಸ್. ಎಕ್ಸ್‌ಲಿಬ್, ನೋ. ಅವಳ ಬೆರಳು ಅಲ್ಲೇ ನಿಂತಿತು.

"ಇದು ಆವತ್ತೂ ಇತ್ತಾ?"

ಇತ್ತು. ಓದಿರಲಿಲ್ಲ, ಅಷ್ಟೆ. ಪರದೆ ನೋಡಿಕೊಳ್ಳುವ ಎಕ್ಸ್11 (ಬರೀ ಎಕ್ಸ್ ಅಂತಲೂ ಅನ್ನುತ್ತಾರೆ) ವ್ಯವಸ್ಥೆಗೆ ಕಿಟಕಿಗಳನ್ನು ಕಳಿಸುವ ದಾರಿಯೇ ಎಕ್ಸ್‌ಲಿಬ್. ಅದಿಲ್ಲದೆ ಕಟ್ಟಿದ ಕೈರೋ ಹೋಗಿ ಯೂಸರ್-ಲೋಕಲ್ ಎಂಬ ಸಿಸ್ಟಮ್ ಫೋಲ್ಡರ್‌ನಲ್ಲಿ ಕೂತಿತು. ಉಬುಂಟು ಲೈಬ್ರರಿ ಹುಡುಕುವಾಗ ತನ್ನದಕ್ಕಿಂತ ಮೊದಲು ನೋಡುವುದು ಅಲ್ಲಿಗೇ. ಲಾಗಿನ್ ಪರದೆಯೂ ಜಿಟಿಕೆಯಲ್ಲಿ ಬರೆದದ್ದು. ಅದು ಕೈರೋ ಕೇಳಿತು, ಹೊಸ ಕೈರೋ ಸಿಕ್ಕಿತು, ಎಕ್ಸ್‌ಲಿಬ್‌ನ ಫಂಕ್ಷನ್ ಕರೆಯಿತು, ಅದು ಇರಲೇ ಇಲ್ಲ.

"ಆದ್ರೆ ಚಿಕ್ಕಿ, ಡೆಸ್ಕ್‌ಟಾಪ್ ನಡೀತಿತ್ತಲ್ಲ. ಅಂದ್ರೆ ಎಕ್ಸ್ ಲೈಬ್ರರಿ ಉಂಟು ಅಂತಲೇ ಅಲ್ವಾ? ಮತ್ತೆ ಇಲ್ಲ ಅಂತ ಯಾಕೆ ಹೇಳ್ತದೆ?"

ಎಂಥ ಒಳ್ಳೆ ಪ್ರಶ್ನೆ! ಇದೊಂದು ಅರ್ಥವಾದರೆ ಅರ್ಧ ಗೆದ್ದ ಹಾಗೆ. ಹೋಟೆಲಲ್ಲಿ ದೋಸೆ ತಿನ್ನಲು ಅಕ್ಕಿ-ಉದ್ದಿನ ಅಳತೆ ಗೊತ್ತಿರಬೇಕಿಲ್ಲ. ಹಿಟ್ಟು ನಾವೇ ಕಡೆಯುವುದಾದರೆ ಗೊತ್ತಿರಬೇಕು. ಲೈಬ್ರರಿ ಬಳಸಲು ಬೇಕಾದ ಫೈಲ್ ಒಂದು ಪ್ಯಾಕೇಜ್‌ನಲ್ಲಿ ಇರುತ್ತದೆ. ಅದರ ಮೇಲೆ ಇನ್ನೊಂದನ್ನು ಕಟ್ಟಲು ಬೇಕಾದ ಹೆಡರ್ ಫೈಲ್‌ಗಳು (ಲೈಬ್ರರಿಯಲ್ಲಿ ಯಾವ ಫಂಕ್ಷನ್ ಉಂಟು ಎಂಬ ಪಟ್ಟಿ), ಲೈಬ್ರರಿ ಎಲ್ಲುಂಟು ಅಂತ ಹುಡುಕಿಕೊಡುವ ಪಿಕೆಜಿ-ಕಾನ್ಫಿಗ್ ಓದುವ ವಿವರ, ಇವು ಬೇರೆ ಪ್ಯಾಕೇಜ್‌ನಲ್ಲಿ. ಉಬುಂಟುವಿನಲ್ಲಿ ಅದರ ಹೆಸರಿನ ಕೊನೆಗೆ 'ಡೆವ್' ಅಂತ ಇರುತ್ತದೆ. ಅವಳಲ್ಲಿ ಎಕ್ಸ್11ರ ಡೆವ್ ಇರಲಿಲ್ಲ. ಮೆಸನ್‌ನಲ್ಲಿ ಈ ಆಯ್ಕೆ 'ಆಟೋ' ಅಂತ ಇತ್ತು. ಅಂದರೆ ಸಿಕ್ಕಿದರೆ ಹಾಕು, ಸಿಗದಿದ್ದರೆ ಬಿಡು. ಬಿಟ್ಟಿತು. ಅದನ್ನು 'ಎನೇಬಲ್ಡ್' ಅಂತ ಬದಲಾಯಿಸಿ ನೋಡಿದೆವು. ಈ ಸಲ ಸುಮ್ಮನೆ ಮುಂದೆ ಹೋಗಲಿಲ್ಲ. ಎಕ್ಸ್11 ಸಿಗಲಿಲ್ಲ ಅಂತ ಅಲ್ಲೇ ನಿಂತಿತು. ಡೆವ್ ಪ್ಯಾಕೇಜ್ ಹಾಕಿದೆವು. ಪಟ್ಟಿಯಲ್ಲಿ ಯೆಸ್ ಬಂತು.

ಇನ್ನೊಂದು ಬದಲಾವಣೆ ಮಾಡಿದೆವು. ಎಲ್ಲಿ ಇನ್‌ಸ್ಟಾಲ್ ಆಗಬೇಕು ಅಂತ ಹೇಳುವ ಪ್ರಿಫಿಕ್ಸ್ ಆಯ್ಕೆಯಲ್ಲಿ ಅವಳ ಹೋಮ್ ಫೋಲ್ಡರ್ ಒಳಗಿನ ಒಂದು ಜಾಗ ಕೊಟ್ಟೆವು. ಆಗ ಸುಡೊ ಬೇಡ. ಸಿಸ್ಟಮ್‌ನ ಕೈರೋ ಅದರ ಪಾಡಿಗೆ ಇರುತ್ತದೆ, ನಮ್ಮದು ನಮ್ಮ ಪಾಡಿಗೆ. ನಮ್ಮ ಪ್ರೋಗ್ರಾಮ್ ನಡೆಸುವ ಟರ್ಮಿನಲ್‌ಗೆ ಮಾತ್ರ ಎರಡು ಎನ್ವಿರಾನ್ಮೆಂಟ್ ವೇರಿಯೇಬಲ್ (ಆ ಟರ್ಮಿನಲ್‌ಗಷ್ಟೇ ಅನ್ವಯವಾಗುವ ಸೆಟ್ಟಿಂಗ್) ಕೊಟ್ಟು ಹೊಸ ಜಾಗ ತೋರಿಸಿದರೆ ಸಾಕು. ಕಲಿಯುವ ಮಕ್ಕಳಿಗೆ ನಾನು ಕಟ್ಟುನಿಟ್ಟಾಗಿ ಹೇಳುವುದು ಇದೊಂದೇ. ಬಿಲ್ಡ್ ಮಾಡಿ, ಎಷ್ಟು ಬೇಕಾದರೂ ಮಾಡಿ. ಸುಡೊ ಇನ್‌ಸ್ಟಾಲ್ ಮಾತ್ರ ಬೇಡ.

ಅಷ್ಟಾದರೂ 'ಕಾರ್ತಿಕ್' ಸರಿಯಾಗಲಿಲ್ಲ.

ಸಪ್ಪೆಯಾದಳು. ನಾನು ಬೇಕೆಂತಲೇ ಮೊದಲು ಹೇಳಿರಲಿಲ್ಲ. ಅವಳು ಬಳಸಿದ್ದು ಕೈರೋದ ಸರಳ ಪಠ್ಯ ಫಂಕ್ಷನ್. ಅದನ್ನು ಬರೆದವರೇ ಅದಕ್ಕೆ ಕೊಟ್ಟ ಹೆಸರು 'ಟಾಯ್'. ಅದು ಒಂದು ಸಂಕೇತಕ್ಕೆ ಒಂದು ಆಕಾರ ಇಟ್ಟು ಮುಂದೆ ಹೋಗುತ್ತದೆ, 1.16 ಆದರೂ ಅಷ್ಟೇ, 1.18 ಆದರೂ ಅಷ್ಟೇ. ಕನ್ನಡಕ್ಕೆ ಅದು ಸಾಲುವುದಿಲ್ಲ. 'ರ್ತಿ' ಟೈಪ್ ಮಾಡುವಾಗ ರ ಮೊದಲು ಬರುತ್ತದೆ, ಬರೆಯುವಾಗ ಅರ್ಕಾವೊತ್ತಾಗಿ ತಿ ಆದಮೇಲೆ ಕೂರುತ್ತದೆ. ಗುಡಿಸು ತ-ದ ಜೊತೆ ಸೇರಿ ಒಂದೇ ಆಕಾರವಾಗಬೇಕು. ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಬೇರೆ ಲೈಬ್ರರಿ. ಸಾಲು, ಅಗಲ, ಫಾಂಟ್ ಆಯ್ಕೆ ನೋಡಿಕೊಳ್ಳುವುದು ಪ್ಯಾಂಗೋ. ಫಾಂಟ್ ಫೈಲ್ ಓದಿ ಅಕ್ಷರದ ಆಕಾರ ಕೊಡುವುದು ಫ್ರೀಟೈಪ್. ಕೊನೆಗೆ ಹಾಳೆಯ ಮೇಲೆ ಇಳಿಸುವುದು ಕೈರೋ. ಒಂದು 'ರ್ತಿ' ಬರಲು ನಾಲ್ವರು ಬೇಕು.

ನಾವು ಕನ್ನಡದವರಿಗೆ ಇದು ಬೇರೆಯವರಿಗಿಂತ ಜಾಸ್ತಿ ಮುಖ್ಯ ಅಂತ ನನ್ನ ಗಟ್ಟಿ ಅಭಿಪ್ರಾಯ. ಒತ್ತಕ್ಷರ ಒಡೆದ ಬ್ಯಾನರ್, ಅಕ್ಷರ ಚೆಲ್ಲಾಪಿಲ್ಲಿಯಾದ ಪಿಡಿಎಫ್ ನಾವೆಲ್ಲ ನೋಡಿದ್ದೇವೆ. ನೋಡಿ "ಕಂಪ್ಯೂಟರ್‌ನಲ್ಲಿ ಕನ್ನಡ ಹೀಗೇ" ಅಂತ ಸುಮ್ಮನಾಗುತ್ತೇವೆ. ಹೀಗೇ ಅಲ್ಲ! ಆ ನಾಲ್ವರಲ್ಲಿ ಯಾರೋ ಒಬ್ಬರನ್ನು ಕರೆದಿಲ್ಲ, ಅಥವಾ ಒಬ್ಬರು ತಪ್ಪಿದ್ದಾರೆ. ಯಾರು ಅಂತ ಹೇಳಬಲ್ಲವರು ಇವನ್ನು ಒಮ್ಮೆಯಾದರೂ ಕೈಯಾರೆ ಕಟ್ಟಿದವರು. ಸೋರ್ಸ್ ಎಲ್ಲ ತೆರೆದೇ ಇದೆ. ದೋಷ ಹುಡುಕಿ ತಿದ್ದುಪಡಿ ಕಳಿಸಿದರೆ ಬೇಡ ಅನ್ನುವವರಿಲ್ಲ.

ಆದರೆ ಕಾಲೇಜು ಲ್ಯಾಬ್‌ಗಳಲ್ಲಿ ಎಲ್ಲ ಮೊದಲೇ ಹಾಕಿಟ್ಟಿರುತ್ತಾರೆ. ಹುಡುಗರು ಪ್ರೋಗ್ರಾಮ್ ಟೈಪ್ ಮಾಡುತ್ತಾರೆ, ತ್ರಿಕೋನ ಬರುತ್ತದೆ, ರೆಕಾರ್ಡ್‌ಗೆ ಸಹಿ ಬೀಳುತ್ತದೆ. ಲೈಬ್ರರಿ ಎಲ್ಲಿಂದ ಬಂತು ಅಂತ ಕೇಳುವ ಸಂದರ್ಭವೇ ಬರುವುದಿಲ್ಲ. ಮೇಷ್ಟ್ರುಗಳಿಗೂ ಸಿಲಬಸ್ ಮುಗಿಸುವ ಒತ್ತಡ ಉಂಟು, ಗೊತ್ತು. ಆದರೂ ಒಂದು ಸೆಮಿಸ್ಟರ್‌ನಲ್ಲಿ ಒಂದು ಮಧ್ಯಾಹ್ನ ಬಿಟ್ಟುಕೊಡಿ ಸರ್. ಕೈರೋ ಚಿಕ್ಕದು, ಹಳೇ ಲ್ಯಾಪ್‌ಟಾಪ್‌ನಲ್ಲೂ ಕೆಲವು ನಿಮಿಷದಲ್ಲಿ ಕಂಪೈಲ್ ಆಗುತ್ತದೆ. ಬೇಕೆಂತಲೇ ಒಂದು ಡೆವ್ ಪ್ಯಾಕೇಜ್ ತೆಗೆದಿಟ್ಟು ಮಕ್ಕಳ ಕೈಗೆ ಕೊಡಿ. ಅವರೇ ಹುಡುಕಲಿ.

ದಿನನಿತ್ಯಕ್ಕೆ ಸಿದ್ಧ ಪ್ಯಾಕೇಜೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ನಾನೂ ಅದನ್ನೇ ಬಳಸುವುದು. ಅವಳ ಪ್ರಮಾಣಪತ್ರವೂ ಕೊನೆಗೆ ಸಿಸ್ಟಮ್‌ನ ಹಳೇ 1.16ರಲ್ಲೇ, ಪ್ಯಾಂಗೋ ಸೇರಿಸಿ ತಯಾರಾಯಿತು. ಹೊಸ ವರ್ಷನ್ ಬೇಕಾಗಿರಲೇ ಇಲ್ಲ. ಆದರೆ ಬೇಕಾಗಿರಲಿಲ್ಲ ಅಂತ ಗೊತ್ತಾಗಿದ್ದು ಕಟ್ಟಿದ ಮೇಲೆ.

ಭಾನುವಾರ ಸಂಜೆ ಮೊದಲ ಹಾಳೆ ಪ್ರಿಂಟರ್‌ನಿಂದ ಬಂತು. 'ಕಾರ್ತಿಕ್'. ಅರ್ಕಾವೊತ್ತು ತನ್ನ ಜಾಗದಲ್ಲಿ. ಅವಳು ಹಾಳೆಯನ್ನು ದೀಪದ ಹತ್ತಿರ ಹಿಡಿದು ಆ ಒಂದು ಅಕ್ಷರವನ್ನೇ ನೋಡುತ್ತಾ ನಿಂತಿದ್ದಳು. "ಚಿಕ್ಕಿ, ಹಾರ್ಫ್‌ಬಜ್ ಕೂಡ ಮೆಸನ್‌ನಲ್ಲೇ ಬಿಲ್ಡ್ ಆಗೋದಾ?" ಅಂತ ಕೇಳಿದಳು. ಹೌದು ಅಂದೆ.

ಉಡುಪಿ, ಮಂಗಳೂರು ಕಡೆಯ ಮಕ್ಕಳು ಯಾರಾದರೂ ಹೀಗೆ ಬಿಲ್ಡ್ ಮಾಡುವಾಗ ಸಿಕ್ಕಿಕೊಂಡರೆ ಇನ್‌ಬಾಕ್ಸ್‌ಗೆ ಬನ್ನಿ. ಸಂಜೆ ಏಳರ ಮೇಲೆ ಇರುತ್ತೇನೆ. ಬರುವಾಗ ಮೆಸನ್ ಕೊನೆಗೆ ಕೊಟ್ಟ ಪಟ್ಟಿಯ ಫೋಟೋ ಕಳಿಸಿ. ಬಿಲ್ಡ್ ಫೋಲ್ಡರ್ ಅಳಿಸಬೇಡಿ.