ಹೇಳದೆ ಕೇಳದೆ ಮುರಿಯುವ ಕುರ್ಚಿ

ಮರದ ಕುರ್ಚಿಗೆ ಮಾನ ಮರ್ಯಾದೆ ಇದೆ. ಮುರಿಯುವ ಮುಂಚೆ ಹೇಳಿಯೇ ಮುರಿಯುತ್ತದೆ. ಮೊದಲು ಕೀಲು ಸಡಿಲವಾಗುತ್ತದೆ. ಆಮೇಲೆ ಕೂತಾಗೆಲ್ಲ ಕಿರ್ರ್ ಅನ್ನುತ್ತದೆ. ವರ್ಷಗಟ್ಟಲೆ ಗೊಣಗುತ್ತದೆ. ಆಚಾರಿ ಬಂದು ಒಂದು ಬೆಣೆ ಬಡಿದರೆ ಮತ್ತೆ ತೆಪ್ಪಗಾಗುತ್ತದೆ. ಪ್ಲಾಸ್ಟಿಕ್ ಕುರ್ಚಿಗೆ ಈ ಸೌಜನ್ಯ ಗೊತ್ತಿಲ್ಲ. ರಾತ್ರಿ ಊಟದ ತನಕ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ನಮ್ಮ ಭಾವ ಕಾಫಿ ಲೋಟ ಹಿಡಿದುಕೊಂಡು ಕೂತರು. ಟಪ್ ಅಂತು. ಭಾವ ನೆಲದ ಮೇಲೆ, ಕುರ್ಚಿಯ ಹಿಂದಿನ ಕಾಲು ಕಾಫಿ ಕಣದ ಆಚೆ. ಲೋಟ ಮಾತ್ರ ಕೈಯಲ್ಲಿ ನೆಟ್ಟಗೆ ನಿಂತಿತ್ತು. ಕೊಡಗಿನವರು ತಾವು ಬಿದ್ದರೂ ಕಾಫಿ ಬೀಳಿಸುವುದಿಲ್ಲ.

ಭಾವನ ಸಿಟ್ಟು ಬಿದ್ದದ್ದಕ್ಕಲ್ಲ. "ಒಂದು ಮಾತು ಹೇಳಬಾರದಾ ಮಾರಾಯ ಇದು?" ಅಂತ ಕುರ್ಚಿಯನ್ನೇ ಕೇಳಿದರು.

ಹೇಗೆ ಹೇಳುತ್ತದೆ? ಗೊಣಗಬೇಕಾದರೆ ಕೀಲು ಬೇಕು. ಇದಕ್ಕೆ ಕೀಲೇ ಇಲ್ಲ. ಬೆನ್ನು, ಕೈ, ಕಾಲು, ಕೂರುವ ಜಾಗ ಎಲ್ಲ ಒಂದೇ ತುಂಡು. ಮೊಳೆ ಇಲ್ಲ, ಸ್ಕ್ರೂ ಇಲ್ಲ, ಅಂಟೂ ಇಲ್ಲ. ಹೀಗೊಂದು ಕುರ್ಚಿ ಮಾಡಲೇಬೇಕು ಅಂತ ದೊಡ್ಡ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ದರು. ಕೆನಡಾದಲ್ಲಿ ಡಿ.ಸಿ. ಸಿಂಪ್ಸನ್ ಮತ್ತು ಜೇಮ್ಸ್ ಡೊನಾಹ್ಯೂ 1946ರಲ್ಲೇ ಒಂದು ಮಾದರಿ ಮಾಡಿ ನೋಡಿದರು. ಅದು ಮಾದರಿಯಾಗಿಯೇ ಉಳಿಯಿತು. 1960ರ ದಶಕದಲ್ಲಿ ಯುರೋಪಿನವರು ಹಟ ಹಿಡಿದರು. ಜರ್ಮನಿಯ ಹೆಲ್ಮುಟ್ ಬೆಟ್ಸ್ನರ್ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್ಕಿನಲ್ಲಿ ಒತ್ತಿ ಒಂದು ಕುರ್ಚಿ ತೆಗೆದರು. ಇಟಲಿಯ ಜೋ ಕೊಲಂಬೊ ಅಚ್ಚಿನಲ್ಲಿ ಪ್ಲಾಸ್ಟಿಕ್ ತುಂಬಿಯೇ ಮಾಡಿದರು, ಆದರೆ ಕಾಲುಗಳನ್ನು ಬೇರೆ ಜೋಡಿಸಬೇಕಾಗಿತ್ತು. ಡೆನ್ಮಾರ್ಕಿನ ವರ್ನರ್ ಪ್ಯಾಂಟನ್ ಅವರದ್ದು 1967ರಲ್ಲಿ ಬಂತು. ಅದಕ್ಕೆ ನಾಲ್ಕು ಕಾಲೇ ಇಲ್ಲ, ಬಳುಕಿಕೊಂಡು ನಿಂತಿರುತ್ತದೆ. ನೋಡಲು ಚೆಂದ. ನಮ್ಮ ಭಾವನನ್ನು ಅದರ ಮೇಲೆ ಕೂರಿಸುವ ಧೈರ್ಯ ನನಗಿಲ್ಲ.

ಇವೆಲ್ಲ ದುಡ್ಡಿದ್ದವರ ಮನೆಯ ಕುರ್ಚಿಗಳು. ಶಾಮಿಯಾನದ ಕೆಳಗೆ ಸಾಲಾಗಿ ಇಡುತ್ತೇವಲ್ಲ, ಆ ಕುರ್ಚಿಯ ಹತ್ತಿರದ ಅಜ್ಜ ಹುಟ್ಟಿದ್ದು 1972ರಲ್ಲಿ, ಫ್ರಾನ್ಸಿನಲ್ಲಿ. ಆನ್ರಿ ಮಾಸೊನೆ ಎಂಬ ಎಂಜಿನಿಯರ್ ಮಾಡಿದ 'ಫೋತೈ 300'. ಒಂದು ಕುರ್ಚಿ ಅಚ್ಚಿನಿಂದ ಹೊರಬರಲು ಎರಡು ನಿಮಿಷವೂ ಬೇಡ. ಕೆಲಸವೆಲ್ಲ ನಮ್ಮ ನೂಲ್‌ಪುಟ್ಟು, ಅಂದರೆ ಒತ್ತುಶ್ಯಾವಿಗೆ, ಒತ್ತಿದ ಹಾಗೆಯೇ. ಪ್ಲಾಸ್ಟಿಕ್ ಕಾಳುಗಳನ್ನು 220 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಕರಗಿಸುವುದು, ಭಾರೀ ಒತ್ತಡ ಕೊಟ್ಟು ಉಕ್ಕಿನ ಅಚ್ಚಿನೊಳಗೆ ನುಗ್ಗಿಸುವುದು, ತಣಿದ ಮೇಲೆ ತೆಗೆಯುವುದು. ದುಬಾರಿ ಏನಿದ್ದರೂ ಅಚ್ಚು. ಅದಕ್ಕೆ ಹಾಕಿದ ದುಡ್ಡು ಹುಟ್ಟಬೇಕಾದರೆ ಲಕ್ಷಗಟ್ಟಲೆ ಕುರ್ಚಿ ಒತ್ತಲೇಬೇಕು. ಒತ್ತಿದರು. ಲೋಕವೆಲ್ಲ ತುಂಬಿತು. ನಾಪೋಕ್ಲಿನಲ್ಲೂ ಅದೇ, ನೈರೋಬಿಯಲ್ಲೂ ಅದೇ.

ಅದರ ಪ್ಲಾಸ್ಟಿಕ್ಕೂ ಸುಮ್ನೆ ಅಲ್ಲ. ಪಾಲಿಪ್ರೊಪಿಲೀನ್. 1954ರಲ್ಲಿ ಇಟಲಿಯ ಜೂಲಿಯೊ ನಟ್ಟಾ ಇದನ್ನು ಗಟ್ಟಿಯಾಗಿ, ಕೆಲಸಕ್ಕೆ ಬರುವ ಹಾಗೆ ತಯಾರಿಸಿದರು. ಇಂಥ ಕೆಲಸಕ್ಕೇ 1963ರಲ್ಲಿ ಅವರಿಗೂ ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಗೂ ನೊಬೆಲ್ ಬಂತು. ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ ಭಾವನಿಗೆ, "ನಿಮ್ಮನ್ನು ಬೀಳಿಸಿದ್ದು ನೊಬೆಲ್ ಬಂದ ಪ್ಲಾಸ್ಟಿಕ್" ಅಂದೆ. ಅವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ಹಾಗಂತ ಈ ಕುರ್ಚಿ ಬೇಡ ಅನ್ನಲು ಕೊಡಗಿನಲ್ಲಿ ಯಾರಿಗೂ ಬಾಯಿ ಇಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ಮರದ ಕುರ್ಚಿಗೆ ಬೂಷ್ಟು ಹಿಡಿಯುತ್ತದೆ. ಬೆತ್ತದ ಕುರ್ಚಿಗೆ ಇನ್ನೂ ಜಾಸ್ತಿ. ಕುಶನ್ ಇದ್ದರಂತೂ ಕೇಳುವುದೇ ಬೇಡ, ಅದರ ವಾಸನೆ ಹೋಗಲು ಜನವರಿ ಬರಬೇಕು. ಕಬ್ಬಿಣದ್ದು ತುಕ್ಕು. ಪ್ಲಾಸ್ಟಿಕ್ಕಿನದ್ದು ಅಂಗಳದಲ್ಲಿ ಮಳೆಗೆ ನೆನೆದು, ಪಾಚಿ ಕಟ್ಟಿ ಹಸಿರಾಗಿ ನಿಂತಿರುತ್ತದೆ. ತೆಂಗಿನ ನಾರು ಹಾಕಿ ಉಜ್ಜಿದರೆ ಮತ್ತೆ ಮದುಮಗ. ಹಳೆಯ ಐನ್‌ಮನೆಗಳ ಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಹಾಕಿದ ಐಮರ ಇರುತ್ತದೆ, ಅಗಲದ ಮರದ ಹಲಗೆ. ಎಷ್ಟು ಜನ ಕೂತರೂ ಅದು ಹಂದುವುದಿಲ್ಲ. ಆದರೆ ಅದನ್ನು ಒಂದು ಕೈಯಲ್ಲಿ ಎತ್ತಿಕೊಂಡು ಬಿಸಿಲಿದ್ದ ಕಡೆ ಹೋಗಿ ಕೂರಲು ಆಗುತ್ತದಾ? ಇದರ ತೂಕ ಎರಡೂವರೆ ಕಿಲೋ ಆಸುಪಾಸು. ಒಂದು ದೊಡ್ಡ ಹಲಸಿನಹಣ್ಣಿನ ಮುಂದೆ ಏನೂ ಅಲ್ಲ.

ಬಿಸಿಲಿನ ಮಾತು ಬಂತಲ್ಲ, ಅಪಾಯ ಇರುವುದೂ ಅಲ್ಲೇ. ಮಳೆ ಈ ಕುರ್ಚಿಯನ್ನು ಏನೂ ಮಾಡುವುದಿಲ್ಲ. ಕೊಲ್ಲುವುದು ಬಿಸಿಲು. ಸೂರ್ಯನ ನೇರಳಾತೀತ ಕಿರಣ ಪಾಲಿಪ್ರೊಪಿಲೀನಿನ ಉದ್ದದ ಅಣು ಸರಪಳಿಗಳನ್ನು ತುಂಡು ಮಾಡುತ್ತಾ ಹೋಗುತ್ತದೆ. ಕಾರ್ಖಾನೆಯವರು ಅದನ್ನು ತಡೆಯಲು ಏನೇನೋ ಬೆರೆಸುತ್ತಾರೆ. ಅಗ್ಗದ ಕುರ್ಚಿಗೆ ಬೆರೆಸುವುದೂ ಅಗ್ಗದ ಲೆಕ್ಕದಲ್ಲೇ. ಡಿಸೆಂಬರಿನಿಂದ ಕಾಫಿ ಒಣಗಿಸುವ ಕಣದಲ್ಲಿ ಒಂದು ಕುರ್ಚಿ ಕಾಯಂ ಇರುತ್ತದೆ, ಅಲ್ವಾ? ಕಾಫಿ ಕಾಯುವವರಿಗೆ, ಲೆಕ್ಕ ಬರೆಯುವ ರೈಟರಿಗೆ, ಸುಮ್ನೆ ಬಂದು ರೇಟು ಕೇಳುವವರಿಗೆ. ಆ ಕುರ್ಚಿಯ ಬಣ್ಣ ಮೊದಲು ಮಾಸುತ್ತದೆ. ಆಮೇಲೆ ಬಿಳಿ ಪುಡಿ ಏಳುತ್ತದೆ. ಕೂತು ಎದ್ದವರ ಕಪ್ಪು ಪ್ಯಾಂಟಿನ ಹಿಂಭಾಗ ನೋಡಿದರೆ ಯಾರ ಮನೆಯ ಕಣದಿಂದ ಬಂದರು ಅಂತ ಹೇಳಬಹುದು. ಈ ಪುಡಿಯೇ ಕುರ್ಚಿ ಕೊಡುವ ನೋಟಿಸು. ಆದರೆ ಬೆನ್ನ ಹಿಂದೆ ಅಂಟಿಸಿದ ನೋಟಿಸನ್ನು ಓದುವವರು ಯಾರು?

ಮದುವೆ ಮನೆಯ ಕಥೆ ಇನ್ನೊಂದು ರೀತಿ. ಬಾಡಿಗೆ ಕುರ್ಚಿಗಳು ಪಿಕಪ್‌ನಲ್ಲಿ ಒಂದರೊಳಗೊಂದು ಕೂತು ಬರುತ್ತವೆ. ಕಾಲುಗಳು ಕೆಳಗೆ ಹೋದಂತೆ ಹೊರಕ್ಕೆ ಅಗಲವಾಗುತ್ತವೆ ನೋಡಿ, ಆ ಓರೆ ಇರುವುದರಿಂದಲೇ ಕುರ್ಚಿ ಅಚ್ಚಿನಿಂದ ಸಲೀಸಾಗಿ ಬಿಡುತ್ತದೆ, ಅದರಿಂದಲೇ ಒಂದರ ಮೇಲೊಂದು ಪೇರಿಸಲೂ ಬರುತ್ತದೆ. ಅಚ್ಚಿನಿಂದ ಸಲೀಸಾಗಿ ಬಿಟ್ಟದ್ದು ತನ್ನ ಅಣ್ಣತಮ್ಮಂದಿರನ್ನು ಮಾತ್ರ ಬಿಡುವುದಿಲ್ಲ. ಘಾಟಿ ರಸ್ತೆಯ ಗುಂಡಿಗಳಲ್ಲಿ ಕುಲುಕಿ ಕುಲುಕಿ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಆಗ ಇಬ್ಬರು ಗಂಡಸರು ಬೇಕು. ಒಬ್ಬ ಮೇಲಿನದ್ದನ್ನು ಹಿಡಿದು ಎಳೆಯಬೇಕು, ಇನ್ನೊಬ್ಬ ಕೆಳಗಿನದ್ದನ್ನು ಕಾಲಿನಲ್ಲಿ ತುಳಿದಿರಬೇಕು. ಬಿಟ್ಟುಕೊಂಡ ಗಳಿಗೆಯಲ್ಲಿ ಎಳೆಯುವವನು ಹಿಂದಕ್ಕೆ ಹೋಗುತ್ತಾನೆ. ನಮ್ಮ ದೊಡ್ಡಪ್ಪನ ಮಗನ ಮದುವೆಯಲ್ಲಿ ಹಾಗೆ ಹಿಂದಕ್ಕೆ ಹೋದವನು ಪಂದಿಕರಿಯ ಪಾತ್ರೆಗೆ ಒಂದು ಗೇಣು ದೂರದಲ್ಲಿ ನಿಂತ. ಆ ಒಂದು ಗೇಣಿನ ಬಗ್ಗೆ ಇವತ್ತಿಗೂ ಮಾತಾಡುತ್ತಾರೆ. ಮದುಮಗಳ ಸೀರೆ ಯಾವ ಬಣ್ಣ ಅಂದರೆ ಒಬ್ಬರಿಗೂ ನೆನಪಿಲ್ಲ.

ನಯವಾದ ನೆಲ ಇನ್ನೊಂದು ಶತ್ರು. ರೆಡ್ ಆಕ್ಸೈಡ್ ನೆಲ ಒರೆಸಿದ್ದು ಇನ್ನೂ ಆರಿರುವುದಿಲ್ಲ. ತೂಕದವರು ಕೂತರೆ ನಾಲ್ಕು ಕಾಲೂ ನಿಧಾನಕ್ಕೆ ನಾಲ್ಕು ದಿಕ್ಕಿಗೆ ಸರಿಯತೊಡಗುತ್ತವೆ. ಕೂತವರು ಮಾತು ನಿಲ್ಲಿಸದೆ, ಮುಖದ ಗಾಂಭೀರ್ಯ ಬಿಡದೆ, ಇಳಿಯುತ್ತಾ ಹೋಗುತ್ತಾರೆ. ಪಿಂಚಣಿ ವಿಷಯ ಶುರು ಮಾಡಿದ ನಮ್ಮ ಮಾವ ಅದು ಮುಗಿಯುವಷ್ಟರಲ್ಲಿ ಟೀಪಾಯಿಯ ಮಟ್ಟಕ್ಕೆ ಬಂದಿದ್ದರು.

ಇದನ್ನೆಲ್ಲ ನೋಡಿಯೇ ಇರಬೇಕು ಅಂದುಕೊಂಡಿದ್ದೆ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದವರು 2008ರಲ್ಲಿ ಸಾರ್ವಜನಿಕ ಜಾಗಗಳಲ್ಲಿ ಈ ಕುರ್ಚಿಯನ್ನೇ ನಿಷೇಧಿಸಿದರು. ಆದರೆ ಅವರ ತಕರಾರು ಸೊಂಟದ್ದಲ್ಲ, ಅಂದದ್ದು. ಊರಿನ ನೋಟ ಕೆಡುತ್ತದಂತೆ! ಹತ್ತಿರ ಹತ್ತಿರ ಹತ್ತು ವರ್ಷ ಆ ನಿಯಮ ಇತ್ತು, 2017ರಲ್ಲಿ ತೆಗೆದರು. ಅದೇ ವರ್ಷ ಬಾಸೆಲ್‌ನ ಪಕ್ಕದಲ್ಲೇ, ಗಡಿಯಾಚೆಯ ವಿಟ್ರಾ ಡಿಸೈನ್ ಮ್ಯೂಸಿಯಂ ಈ ಕುರ್ಚಿಯ ಬಗ್ಗೆಯೇ ಒಂದು ಪ್ರದರ್ಶನ ಇಟ್ಟಿತು. ನಮ್ಮ ಕಡೆ ಇಂಥ ನಿಷೇಧ ಬಂದರೆ ಮದುವೆ, ತಿಥಿ, ಹಾಕಿ ಪಂದ್ಯ ಎಲ್ಲವನ್ನೂ ನಿಂತುಕೊಂಡೇ ಮಾಡಬೇಕಾದೀತು.

ಒಂದು ವಿಷಯಕ್ಕೆ ಮಾತ್ರ ಈ ಕುರ್ಚಿಯನ್ನು ನಾನು ಗೇಲಿ ಮಾಡುವುದಿಲ್ಲ. ಅಮೆರಿಕದ ಡಾನ್ ಶೂನ್‌ಡಾರ್ಫರ್ ಎಂಬ ಎಂಜಿನಿಯರ್ ಮೊರಾಕ್ಕೊಗೆ ಹೋದಾಗ ಒಬ್ಬ ಹೆಂಗಸು ನೆಲದ ಮೇಲೆ ತೆವಳಿಕೊಂಡು ರಸ್ತೆ ದಾಟುವುದನ್ನು ನೋಡಿದ್ದರು. ವರ್ಷಗಳಾದ ಮೇಲೆ ಇದೇ ಬಿಳಿ ಪ್ಲಾಸ್ಟಿಕ್ ಕುರ್ಚಿಗೆ ಸೈಕಲ್ ಚಕ್ರ ಜೋಡಿಸಿ ಗಾಲಿಕುರ್ಚಿ ಮಾಡಿದರು. 2001ರಲ್ಲಿ ಅದಕ್ಕೊಂದು ಸಂಸ್ಥೆಯನ್ನೇ ಕಟ್ಟಿ, ಬಡದೇಶಗಳಿಗೆ ಉಚಿತವಾಗಿ ಹಂಚಿದರು. ಹೊಸದಾಗಿ ಕುರ್ಚಿ ಮಾಡಲು ಹೋಗಲಿಲ್ಲ. ಇಷ್ಟು ಅಗ್ಗವಾಗಿ, ಇಷ್ಟು ಹಗುರವಾಗಿ ಬೇರೆ ಯಾರು ಮಾಡಿಕೊಡುತ್ತಾರೆ?

ಮುರಿದದ್ದನ್ನು ಏನು ಮಾಡುವುದು ಅನ್ನುವುದು ಬೇರೆ ತಲೆನೋವು. ಒಂದೇ ತುಂಡು ಆದ್ದರಿಂದ ಒಂದು ಕಾಲು ಹೋದರೆ ಇಡೀ ಕುರ್ಚಿ ಹೋಯಿತು. ಆಚಾರಿ ನೋಡಿ ನಕ್ಕು ಹೋಗುತ್ತಾನೆ. ಗುಜರಿಯವನು ಮೂರು ಕಾಲಿನ ರೇಟು ಹೇಳುತ್ತಾನೆ. ನಮ್ಮ ಮನೆಯಲ್ಲಿ ಕೆಲವು ದಿನ ಅದನ್ನು ಗೋಡೆಗೆ ಒರಗಿಸಿ ಇಟ್ಟಿದ್ದೆವು. ಬಂದವರೆಲ್ಲ ಸೀದಾ ಅದರ ಕಡೆಗೇ ಹೋಗುತ್ತಿದ್ದರು. "ಅದರಲ್ಲಿ ಬೇಡ, ಅದರಲ್ಲಿ ಬೇಡ" ಅಂತ ಕೂಗಿ ಕೂಗಿ ಅತ್ತೆಗೆ ಗಂಟಲು ಕಟ್ಟಿತು. ಕೊನೆಗೆ ಭಾವ ಗರಗಸ ತಂದು ಉಳಿದ ಮೂರು ಕಾಲನ್ನೂ ಬುಡಕ್ಕೆ ಕತ್ತರಿಸಿಬಿಟ್ಟರು. ಸೇಡು ತೀರಿಸಿಕೊಂಡವರ ಹಾಗೆಯೇ ಇತ್ತು ಆ ಮುಖ.

ಈಗ ಅದು ಅತ್ತೆಯ ಕುರ್ಚಿ. ಒಳ್ಳೆಮೆಣಸು ಹಸನು ಮಾಡುವಾಗ ನೆಲಕ್ಕೆ ಸಮನಾಗಿ, ಬೆನ್ನು ಒರಗಿಸಿಕೊಂಡು, ಎರಡು ಕೈ ಚಾಚಿ ಕೂರುತ್ತಾರೆ. ಬೀಳುವ ಮಾತೇ ಇಲ್ಲ, ಬೀಳಲು ಎತ್ತರವೇ ಇಲ್ಲ. ಮೊನ್ನೆ ಭಾವ, "ಸ್ವಲ್ಪ ನಾನೂ ಕೂತು ನೋಡುತ್ತೇನೆ" ಅಂದರು. ಕೂತರು. ಅರ್ಧ ಗಂಟೆ ಕಳೆದರೂ ಏಳಲಿಲ್ಲ. ಅಷ್ಟು ಹಿತವಾಗಿದೆ ಅಂತ ಅತ್ತೆ ಬೀಗುತ್ತಿದ್ದರು.

"ಹಿತ ಗಿತ ಏನಿಲ್ಲ," ಅಂದರು ಭಾವ, "ಸೊಂಟ ಹಿಡಿದಿದೆ. ಯಾರಾದರೂ ಕೈ ಕೊಡಿ."