ಮೂವತ್ತು ಅಡಿ ಪೀಠಿಕೆ

ಪೂಜೆಗೆ ಗಣಪತಿ, ನಾಟಕಕ್ಕೆ ನಾಂದಿ, ಲಗ್ನಪತ್ರಿಕೆಯ ಮೂಲೆಗೆ ಅರಿಶಿನ, ಸಿನಿಮಾಕ್ಕೆ ಲೋಗೋ. ಇವಿಲ್ಲದೆಯೂ ಕೆಲಸ ನಡೆಯುತ್ತದೆ, ಆದರೆ ಶುರುವಾಯಿತು ಅನ್ನಿಸುವುದಿಲ್ಲ. ಸಿಂಹವೋ, ತಿರುಗುವ ಭೂಮಿಯೋ, ಆರತಿ ಮಾಡಿಸಿಕೊಳ್ಳುತ್ತಿರುವ ನಿರ್ಮಾಪಕರ ಮನೆದೇವರೋ ಬಂದುಹೋಗುವ ಆ ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಕಥೆಗೆ ಸಂಬಂಧಪಟ್ಟದ್ದು ಒಂದೂ ಇರುವುದಿಲ್ಲ. ಅದಕ್ಕೇ ಇರಬೇಕು, ಸಿನಿಮಾವನ್ನು ಹರಿದು ಹಾಕುವ ವಿಮರ್ಶಕರು ಕೂಡ ಲೋಗೋ ತಂಟೆಗೆ ಹೋಗುವುದಿಲ್ಲ.

ತುಮಕೂರು ಸೀಮೆಗೆ ಇಂಥ ಪೀಠಿಕೆ ಸಿನಿಮಾದಿಂದ ಬಂದದ್ದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಊರು ಇದು. ಕಂಪನಿ ನಾಟಕವೆಂದರೆ ಮೂರನೇ ಬೆಲ್ಲು, ಹಾರ್ಮೋನಿಯಂ, ನಾಂದಿ, ಆಮೇಲೆ ಪರದೆ. ತಿಪಟೂರು ಕಡೆಯ ಮೂಡಲಪಾಯ ಬಯಲಾಟದಲ್ಲೂ ದೇವರ ಸ್ತುತಿ ಮುಗಿಯದೆ ರಾಜ ಒಡ್ಡೋಲಗಕ್ಕೆ ಬರುವುದಿಲ್ಲ. ಗುಬ್ಬಿ ವೀರಣ್ಣನವರ ಸಂಸ್ಥೆ 1954ರಲ್ಲಿ ‘ಬೇಡರ ಕಣ್ಣಪ್ಪ’ ತೆಗೆದಾಗ ‘ಯಾವ ಕಂಪನಿ’ ಎಂಬ ಹಳೆಯ ಪ್ರಶ್ನೆ ರಂಗದಿಂದ ಬೆಳ್ಳಿತೆರೆಗೆ ಸುಮ್ಮನೆ ದಾಟಿಕೊಂಡಿತು. ಕಂಪನಿ ಎನ್ನುವುದು ಬ್ಯಾನರ್ ಆಯಿತು, ಅಷ್ಟೇ.

ಲೋಗೋದ ಆಯುಸ್ಸು ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಬೇಕು. 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದು ಅಡಿಯಲ್ಲಿ 16 ಫ್ರೇಮ್. ಇಪ್ಪತ್ತು ಸೆಕೆಂಡಿನ ಲೋಗೋ ಎಂದರೆ 480 ಫ್ರೇಮ್, ಅಂದರೆ ಸರಿಯಾಗಿ ಮೂವತ್ತು ಅಡಿ. ಈ ಮೂವತ್ತು ಅಡಿ ಮೊದಲನೇ ರೀಲಿನ ತಲೆಯಲ್ಲಿರುತ್ತದೆ. ರೀಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವ ಜಾಗವೂ ಅದೇ. ಆಪರೇಟರ್ ಫಿಲ್ಮನ್ನು ಹಲ್ಲಿನ ಚಕ್ರಕ್ಕೆ ಏರಿಸುವಾಗ ಮುಂದಿನ ತುದಿ ಕ್ಯಾಬಿನ್ನಿನ ನೆಲಕ್ಕೆ ತಾಗುತ್ತದೆ, ಧೂಳು ಹತ್ತುತ್ತದೆ, ಗೀರು ಬೀಳುತ್ತದೆ. ಕುಣಿಕೆ ಸಡಿಲ ಬಿಡದಿದ್ದರೆ ಮೋಟಾರು ಜಗ್ಗಿದ ಮೊದಲ ಎಳೆತಕ್ಕೇ ಅಂಚಿನ ತೂತು ಹರಿಯುತ್ತದೆ. ಹರಿದ ಕಡೆ ಎರಡು ಮೂರು ಫ್ರೇಮ್ ಕತ್ತರಿಸಿ, ಒಂದು ತುದಿಯ ಲೇಪ ಕೆರೆದು, ಸಿಮೆಂಟ್ ಹಚ್ಚಿ, ಒತ್ತಿ ಹಿಡಿದು ಅಂಟಿಸಬೇಕು. ಪ್ರಿಂಟ್ ಬೆಂಗಳೂರಿನ ದೊಡ್ಡ ಟಾಕೀಸಿನಲ್ಲಿ ಓಡಿ, ತುಮಕೂರಿಗೆ ಬಂದು, ಅಲ್ಲಿಂದ ಶಿರಾ, ಮಧುಗಿರಿ, ಕೊನೆಗೆ ಪಾವಗಡದ ಕಡೆಯ ಟೆಂಟಿಗೆ ಹೋಗುವ ಹೊತ್ತಿಗೆ ಇಂಥ ಇಪ್ಪತ್ತು ಅಂಟು ಬಿದ್ದಿವೆ ಅಂದುಕೊಳ್ಳಿ. ಮೂರರಂತೆ ಅರವತ್ತು ಫ್ರೇಮ್ ಮಾಯ, ಎರಡೂವರೆ ಸೆಕೆಂಡ್ ಖಾಲಿ. ಬೆಂಗಳೂರಿನಲ್ಲಿ ತುಂಬು ಗರ್ಜನೆ ಮಾಡಿದ ಸಿಂಹ ಟೆಂಟಿನಲ್ಲಿ ಕೆಮ್ಮಿದಂತೆ ಮಾಡಿ ಹೋಗುತ್ತಿದ್ದದ್ದು ಈ ಲೆಕ್ಕದಿಂದ.

ಅಂಟಿನ ಇನ್ನೊಂದು ಚೋದ್ಯ ಇದೆ. ಪ್ರೊಜೆಕ್ಟರಿನಲ್ಲಿ ಫಿಲ್ಮ್ ಮೊದಲು ಚಿತ್ರದ ಕಿಂಡಿ ದಾಟಿ, ಸುಮಾರು 20 ಫ್ರೇಮ್ ಮುಂದೆ ಹೋದ ಮೇಲೆ ಧ್ವನಿಯ ತಲೆಗೆ ಬರುತ್ತದೆ. ಹೀಗಾಗಿ ಅಂಟು ಬಂದಾಗ ಮೊದಲು ಚಿತ್ರ ಜಿಗಿಯುತ್ತದೆ, ಮುಕ್ಕಾಲು ಸೆಕೆಂಡಿಗೂ ತುಸು ಹೆಚ್ಚಿನ ಹೊತ್ತು ಕಳೆದು ‘ಟಪ್’ ಎನ್ನುತ್ತದೆ. ಹಾಡಿನ ನಡುವೆ ಆದರೆ ಜನ ಕ್ಷಮಿಸಿಯಾರು. ಕಹಳೆ ಏರುತ್ತಿರುವ ಲೋಗೋದಲ್ಲಿ ಆದರೆ ಮೆಟ್ಟಿಲು ತಪ್ಪಿದ ಹಾಗೆ ಕೇಳಿಸುತ್ತದೆ.

ಇಷ್ಟಾದರೂ ಲೋಗೋವನ್ನು ಅತ್ಯಂತ ಶ್ರದ್ಧೆಯಿಂದ ನೋಡುತ್ತಿದ್ದವನೆಂದರೆ ಆಪರೇಟರೇ. ನಿರ್ಮಾಪಕನಿಗೆ ಅದು ಹೆಮ್ಮೆ, ಆಪರೇಟರಿಗೆ ಅದು ಅಳತೆಗೋಲು. ಅಕ್ಷರದ ಅಂಚು ಮಸುಕಾಗಿದ್ದರೆ ಫೋಕಸ್ ತಿರುಗಿಸಬೇಕು. ಭೂಮಿ ಕೋಳಿಮೊಟ್ಟೆಯಂತೆ ನೀಳವಾಗಿದ್ದರೆ ಸಿನಿಮಾಸ್ಕೋಪಿಗೆ ಹಾಕಬೇಕಾದ ಲೆನ್ಸ್ ಹಾಕಿಲ್ಲ ಎಂದರ್ಥ. ಆ ಫಿಲ್ಮಿನಲ್ಲಿ ಚಿತ್ರವನ್ನು ಅಡ್ಡಡ್ಡ ಅರ್ಧಕ್ಕೆ ಹಿಂಡಿರುತ್ತಾರೆ, ಲೆನ್ಸ್ ಅದನ್ನು ಎರಡರಷ್ಟು ಹಿಗ್ಗಿಸಬೇಕು. ಭೂಮಿ ಕುಂಬಳಕಾಯಿಯಂತೆ ಅಡ್ಡಕ್ಕೆ ಊದಿದ್ದರೆ ತದ್ವಿರುದ್ಧ: ಮಾಮೂಲಿ ಫಿಲ್ಮಿಗೆ ಸ್ಕೋಪ್ ಲೆನ್ಸ್ ಕೂತಿದೆ. ಒಂದು ಫ್ರೇಮಿಗೆ ನಾಲ್ಕು ತೂತು. ಏರಿಸುವಾಗ ಒಂದೆರಡು ತೂತು ಆಚೀಚೆಯಾದರೆ ಸಿಂಹದ ಗಡ್ಡ ಪರದೆಯ ಮೇಲ್ಭಾಗದಲ್ಲಿ, ಕಿರೀಟದಂಥ ಕೇಸರ ಕೆಳಗೆ, ಮಧ್ಯೆ ಕರಿಪಟ್ಟಿ. ಆಗ ಗಾಂಧಿ ಕ್ಲಾಸಿನಿಂದ ‘ಆಪರೇಟ್ರೇ, ಫ್ರೇಮು!’ ಎಂಬ ಕೂಗು. ಲೋಗೋದಲ್ಲಿ ಗೋಲವೋ ಉಂಗುರವೋ ಇದ್ದರೆ ಆಪರೇಟರಿಗೆ ಎಷ್ಟು ಅನುಕೂಲ ಎಂದು ಅದನ್ನು ಬರೆದವರಿಗೆ ಗೊತ್ತಿತ್ತೋ ಇಲ್ಲವೋ. ಬರಿ ದೇವರ ಪಟದಿಂದ ಈ ತೀರ್ಮಾನ ಕಷ್ಟ. ದೇವರು ತೆಳ್ಳಗಿದ್ದರೆ ತಪ್ಪು ಲೆನ್ಸಿನದೋ ಶಿಲ್ಪಿಯದೋ ಹೇಳಲಾಗುವುದಿಲ್ಲ.

ಸಿಂಹ ಎಂದೆ. ಹಾಲಿವುಡ್ಡಿನ ಎಂಜಿಎಂ ಕಂಪನಿ 1924ರಲ್ಲಿ ಶುರುವಾದಾಗಿನ ಸಿಂಹ ಮೂಕಿ. ಸುಮ್ಮನೆ ಆಚೀಚೆ ನೋಡುತ್ತಿತ್ತು. 1928ರಲ್ಲಿ ಅದರ ಜಾಗಕ್ಕೆ ಬಂದ ಇನ್ನೊಂದು ಸಿಂಹದ ಗರ್ಜನೆ ಕೇಳಿಸಿತು, ಅದೂ ಫಿಲ್ಮಿನಿಂದಲ್ಲ, ಜೊತೆಗೆ ತಿರುಗುತ್ತಿದ್ದ ಗ್ರಾಮಫೋನ್ ತಟ್ಟೆಯಿಂದ. 1957ರಿಂದ ಲಿಯೋ ಎಂಬ ಸಿಂಹ. 2021ರಲ್ಲಿ ಕಂಪ್ಯೂಟರಿನಲ್ಲಿ ಕೂದಲು ಕೂದಲಾಗಿ ಬಿಡಿಸಿದ ಸಿಂಹ. ಪ್ರಾಣಿಗಳು ಬದಲಾದವು, ಕಪ್ಪು ಬಿಳುಪು ಹೋಗಿ ಬಣ್ಣ ಬಂತು, ಆದರೆ ಫಿಲ್ಮಿನ ಸುರುಳಿಯ ಉಂಗುರ ಮತ್ತು ಗರ್ಜನೆ ಉಳಿದುಕೊಂಡವು. ಫಾಕ್ಸ್ ಕಂಪನಿಯ ಸರ್ಚ್‌ಲೈಟುಗಳ ಕಥೆಯೂ ಹೀಗೇ. ಆಲ್ಫ್ರೆಡ್ ನ್ಯೂಮನ್ 1933ರಲ್ಲಿ ಕಟ್ಟಿದ ಕಹಳೆ-ನಗಾರಿಯ ತುಣುಕನ್ನು ಸಿನಿಮಾಸ್ಕೋಪ್ ಕಾಲದಲ್ಲಿ ಅಗಲದ ಪರದೆಗೆ ತಕ್ಕಂತೆ ಉದ್ದ ಮಾಡಿದರು. ಗಾಜಿನ ಮೇಲೆ ಬರೆದ ಚಿತ್ರ ಹೋಗಿ ಕಂಪ್ಯೂಟರ್ ಬಂತು. 2020ರಲ್ಲಿ ಹೆಸರಿನಿಂದ ‘ಫಾಕ್ಸ್’ ಎಂಬ ಪದವೇ ಬಿದ್ದುಹೋಯಿತು. ಕಹಳೆ ಉಳಿದಿದೆ.

ಚಿತ್ರ ಹೋಗಿ ಸದ್ದು ಯಾಕೆ ಉಳಿಯುತ್ತದೆ? ಟಾಕೀಸಿನೊಳಗೆ ನಿಂತು ನೋಡಿದರೆ ಉತ್ತರ ಸಿಗುತ್ತದೆ. ಲೋಗೋ ಬರುವ ಹೊತ್ತಿನಲ್ಲಿ ಅರ್ಧ ಜನರ ಕಣ್ಣು ಪರದೆಯ ಮೇಲೆ ಇರುವುದೇ ಇಲ್ಲ. ಒಬ್ಬರು ಕತ್ತಲಲ್ಲಿ ಮೆಟ್ಟಿಲು ಎಣಿಸುತ್ತಿರುತ್ತಾರೆ, ಒಬ್ಬರು ಸೀಟಿನ ನಂಬರಿಗೆ ಬಗ್ಗಿರುತ್ತಾರೆ, ಮಗುವಿನ ಚಪ್ಪಲಿ ಹುಡುಕುವವರು ಇನ್ನೂ ಕೆಳಗೆ. ಕಿವಿಗೆ ಮಾತ್ರ ಆಗ ಬೇರೆ ಕೆಲಸವಿಲ್ಲ. ಮದ್ರಾಸಿನ ಎವಿಎಂ ಸ್ಟುಡಿಯೊದ ಅಕ್ಷರಗಳ ಜೊತೆ ಬರುತ್ತಿದ್ದ ಧಾಟಿಯನ್ನು ಗುನುಗಬಲ್ಲ ಹಿರಿಯರು ತೆಲುಗು, ತಮಿಳು, ಕನ್ನಡ ಮೂರೂ ಚಿತ್ರ ಓಡುತ್ತಿದ್ದ ಈ ಗಡಿ ತಾಲ್ಲೂಕುಗಳಲ್ಲಿ ಇವತ್ತಿಗೂ ಸಿಗುತ್ತಾರೆ; ಆ ಅಕ್ಷರಗಳ ಹಿಂದೆ ಏನಿತ್ತು ಎಂದರೆ ತಡವರಿಸುತ್ತಾರೆ. ಈಗಿನ ಬ್ಯಾನರುಗಳು ಎರಡು ಸಿನಿಮಾಕ್ಕೊಮ್ಮೆ ಚಿತ್ರದ ಜೊತೆಗೆ ಸಂಗೀತವನ್ನೂ ಬದಲಿಸುವುದು, ಮನೆಗೆ ಸುಣ್ಣ ಹೊಡೆಸುವಾಗ ಮನೆ ನಂಬರನ್ನೂ ಅಳಿಸಿ ಹೊಸದು ಬರೆದಂತೆ.

ನಮ್ಮ ದೇಶದ ಹಳೆಯ ಲೋಗೋಗಳಲ್ಲಿ ಮನುಷ್ಯರು ಹೆಚ್ಚು. 1929ರಲ್ಲಿ ಕೊಲ್ಹಾಪುರದಲ್ಲಿ ಶುರುವಾದ ಪ್ರಭಾತ್ ಕಂಪನಿಗೆ ಕೊಂಬು ಊದುವ ಹೆಣ್ಣು. ಮದ್ರಾಸಿನ ಜೆಮಿನಿಗೆ ತುತ್ತೂರಿ ಊದುವ ಇಬ್ಬರು ಹುಡುಗರು. ಆರ್.ಕೆ. ಫಿಲ್ಮ್ಸಿನದು 1949ರ ತನ್ನದೇ ‘ಬರಸಾತ್’ ಚಿತ್ರದಿಂದ ಎತ್ತಿಕೊಂಡ ಭಂಗಿ: ಒಂದು ಕೈಯಲ್ಲಿ ಪಿಟೀಲು, ಇನ್ನೊಂದು ತೋಳಿನಲ್ಲಿ ನಾಯಕಿ. ಮೆಹಬೂಬ್ ಖಾನ್ ಅವರದು ಎಲ್ಲಕ್ಕಿಂತ ಧೈರ್ಯದ್ದು: ಕುಡುಗೋಲು-ಸುತ್ತಿಗೆಯ ಗುರುತು, ಅದರ ಮೇಲೆ ದೇವರು ಇಚ್ಛಿಸಿದ್ದೇ ನಡೆಯುತ್ತದೆ ಎನ್ನುವ ಉರ್ದು ದ್ವಿಪದಿ. ಎರಡೂ ಕಡೆಯವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಲೋಗೋ ಇನ್ನೊಂದಿಲ್ಲ.

ಕನ್ನಡದ ಸಣ್ಣ ಬ್ಯಾನರಿನದು ಬಹುಪಾಲು ಮನೆದೇವರ ಲೋಗೋ. ವಿಗ್ರಹ, ದೀಪ, ಘಂಟೆ, ಮೇಲಿಂದ ಬಿದ್ದು ಪಾದದ ಮೇಲೆ ಕೂರುವ ಹೂವು. ಈ ಹೂವಿನದೇ ದೊಡ್ಡ ರಾಮಾಯಣ. ನಿಜವಾಗಿ ಮೇಲಿಂದ ಬಿಟ್ಟ ಹೂವು ಪಾದದ ಮೇಲೆ ನಿಲ್ಲುವುದಿಲ್ಲ, ಉರುಳಿಹೋಗುತ್ತದೆ. ಅದಕ್ಕೆ ಹಳೆಯ ಕ್ಯಾಮರಾದವರ ಉಪಾಯ: ಪಾದದ ಮೇಲೆ ಹೂವಿಟ್ಟು, ಕಾಣದಂಥ ಸಣ್ಣ ದಾರ ಕಟ್ಟಿ, ಕ್ಯಾಮರಾವನ್ನು ತಲೆಕೆಳಗಾಗಿ ನಿಲ್ಲಿಸಿ ಓಡಿಸುತ್ತ ದಾರವನ್ನು ಮೇಲಕ್ಕೆ ಎಳೆಯುವುದು. ತೊಳೆದ ಫಿಲ್ಮಿನ ಆ ತುಂಡನ್ನು ಹಿಂದುಮುಂದು ತಿರುಗಿಸಿ ಅಂಟಿಸಿದರೆ ಚಿತ್ರ ನೆಟ್ಟಗಾಗುತ್ತದೆ, ಹೂವು ಮೇಲಿಂದ ಇಳಿದು ಕರಾರುವಾಕ್ಕಾಗಿ ಪಾದ ಸೇರುತ್ತದೆ. ಅದೇ ಶಾಟಿನಲ್ಲಿ ಊದಿನಕಡ್ಡಿ ಹಚ್ಚಿದ್ದರೆ ಮಾತ್ರ ಕೆಟ್ಟಿತು. ಹೊಗೆ ಆಕಾಶದಿಂದ ಇಳಿದು ಕಡ್ಡಿಯ ತುದಿಯೊಳಗೆ ಸೇರಿಕೊಳ್ಳುತ್ತದೆ. ದೇವರ ಮಹಿಮೆ ಎಂದು ಕೈಮುಗಿಯುವವರೂ ಇರಬಹುದು. ತಿಳಿದವರು ಹೊಗೆಯನ್ನು ಬೇರೆ ಶಾಟಿನಲ್ಲಿ ತೆಗೆಯುತ್ತಿದ್ದರು.

ಕಂಪ್ಯೂಟರ್ ಬಂದ ಮೇಲೆ ದಾರ, ಗಾಜು, ತಿರುಗುಮಣೆ ಎಲ್ಲ ಅಟ್ಟ ಸೇರಿದವು. ಚಿನ್ನದ ಬಣ್ಣದ ಅಕ್ಷರ ಗಿರ್ರನೆ ತಿರುಗಿ ಬಂದು ನಿಂತು ಮೂಲೆಯಲ್ಲಿ ಮಿಂಚುವುದು ಶುರುವಾಯಿತು. ಇಂಗ್ಲಿಷಿನ ಚೌಕ ಅಕ್ಷರಕ್ಕೆ ದಪ್ಪ ಕೊಟ್ಟರೆ ಇಟ್ಟಿಗೆಯ ಹಾಗೆ ಚಪ್ಪಟೆ ಬದಿಗಳು ಬರುತ್ತವೆ, ಬೆಳಕು ಅಲ್ಲಿ ಹಾಯಾಗಿ ಕೂರುತ್ತದೆ. ಕನ್ನಡದ ಅಕ್ಷರ ಜಿಲೇಬಿಯ ಜಾತಿ. ಅದಕ್ಕೆ ದಪ್ಪ ಕೊಟ್ಟು ಅಂಚು ಓರೆ ಮಾಡಿದರೆ ಬೆಳಕು ನಿಲ್ಲದೆ ಜಾರುತ್ತದೆ, ಒಳಗಿನ ಸಣ್ಣ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಮೊದಲು ಸಾಯುವುದು ಥ-ಕಾರದ ಹೊಟ್ಟೆಯ ಚುಕ್ಕಿ, ಆಮೇಲೆ ಮಹಾಪ್ರಾಣದ ಸೀಳು. ಹೀಗಾಗಿ ಓರೆಯ ಅಳತೆ ಗೆರೆಯ ದಪ್ಪದಲ್ಲಿ ಹತ್ತನೇ ಒಂದು ಭಾಗ ದಾಟದಿದ್ದರೆ ಒಳ್ಳೆಯದು. ಕನ್ನಡದ ಜೋಡಣೆ ಅರಿಯದ ಹಳೆಯ ಸಾಫ್ಟ್‌ವೇರಿನಲ್ಲಿ ನೇರ ಟೈಪ್ ಮಾಡಿದರೆ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ಬಂದು ಕುಳಿತುಬಿಡುತ್ತದೆ, ಅರ್ಕಾವತ್ತು ಊರು ಬಿಟ್ಟು ಹೋಗುತ್ತದೆ. ಅಕ್ಷರವನ್ನು ಬೇರೆ ಕಡೆ ಸರಿಯಾಗಿ ಜೋಡಿಸಿ, ಗೆರೆಯ ಆಕಾರವಾಗಿ ಮಾರ್ಪಡಿಸಿ ತಂದು ಹಾಕುವುದೇ ಖಾತ್ರಿ.

ಕಂಪ್ಯೂಟರ್ ಒಂದೊಂದೇ ಫ್ರೇಮನ್ನು ಮೂಡಿಸುವ (ರೆಂಡರ್) ಕೆಲಸಕ್ಕೂ ಹಳೆಯ ಲೆಕ್ಕವೇ. ಹದಿನೈದು ಸೆಕೆಂಡಿಗೆ 360 ಫ್ರೇಮ್. ಒಂದು ಫ್ರೇಮಿಗೆ ಐದು ನಿಮಿಷ ಹಿಡಿದರೆ 1800 ನಿಮಿಷ, ಮೂವತ್ತು ಗಂಟೆ. ಕರೆಂಟ್ ಹೋಗುವ ಊರಿನಲ್ಲಿ ಅದನ್ನು ಒಂದೇ ವಿಡಿಯೊ ಫೈಲಾಗಿ ಮೂಡಿಸಲು ಬಿಟ್ಟು ಮಲಗುವವನು ಜೂಜುಕೋರ. ಬಿಡಿ ಚಿತ್ರಗಳ ಸಾಲಾಗಿ ಮೂಡಿಸಿದರೆ 217ನೇ ಚಿತ್ರದಲ್ಲಿ ಯಂತ್ರ ನಿಂತರೂ 217ರಿಂದಲೇ ಮುಂದುವರಿಸಬಹುದು.

ಊರಿನ ಮದುವೆ ವಿಡಿಯೊ ಸ್ಟುಡಿಯೊಗಳಲ್ಲೂ ಈ ಕೆಲಸ ಮಾಡಿಕೊಡುವವರಿದ್ದಾರೆ, ಚೆನ್ನಾಗಿಯೇ ಮಾಡುತ್ತಾರೆ. ಎಡವುವುದು ಎರಡೇ ಕಡೆ. ಮದುವೆ ವಿಡಿಯೊ ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮ್, ಸಿನಿಮಾದ್ದು 24. ಸೆಕೆಂಡಿಗೊಂದು ಫ್ರೇಮ್ ಬಿಸಾಕಿದರೆ ತಿರುಗುವ ಅಕ್ಷರ ಸೆಕೆಂಡಿಗೊಮ್ಮೆ ಬಿಕ್ಕಳಿಸುತ್ತದೆ. ಹಾಗೆಯೇ ನಿಧಾನಿಸಿದರೆ ನಾದಸ್ವರದ ಶ್ರುತಿ ಇಳಿಯುತ್ತದೆ. ಎರಡನೆಯದು ಅಳತೆ. ಡಿಜಿಟಲ್ ಸ್ಕೋಪಿನ ಚೌಕಟ್ಟು 2048ಕ್ಕೆ 858 ಪಿಕ್ಸೆಲ್. ಟಿವಿಯ 1920ಕ್ಕೆ 1080 ಅಳತೆಯಲ್ಲಿ ಮಾಡಿದ ಲೋಗೋವನ್ನು ಅದರ ಅಗಲಕ್ಕೆ ಹಿಗ್ಗಿಸಿ ತುಂಬಿದರೆ ಮೇಲೂ ಕೆಳಗೂ ಸೇರಿ ಮೂಲದ ಸುಮಾರು 275 ಸಾಲು ಕತ್ತರಿಗೆ ಬಲಿ. ಹೆಸರು ಚೌಕಟ್ಟಿನ ತಳಕ್ಕೆ ಅಂಟಿಕೊಂಡಿದ್ದರೆ ಇಂಗ್ಲಿಷಿನಲ್ಲಿ ಸಾಲಿಗೆ ಸಾಲೇ ಹೋಗಿ ತಪ್ಪು ತಕ್ಷಣ ಕಾಣುತ್ತದೆ. ಕನ್ನಡದಲ್ಲಿ ಕೆಲವೊಮ್ಮೆ ಒತ್ತಕ್ಷರದ ಸಾಲು ಮಾತ್ರ ಹೋಗುತ್ತದೆ. ‘ಪ್ರೊಡಕ್ಷನ್ಸ್’ ಎಂದು ಬರೆದದ್ದು ‘ಪೊಡಕನ್’ ಆಗಿ ಗಂಭೀರವಾಗಿ ಹೊಳೆಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಸರದಿಗೆ ನಿಲ್ಲಬೇಕು. ಮೊದಲು ಸೆನ್ಸಾರ್ ಪತ್ರ. 2012ರ ಅಕ್ಟೋಬರ್ 2ರಿಂದ, ತಂಬಾಕು ಕಾಣಿಸುವ ಚಿತ್ರಗಳಿಗೆ ಕನಿಷ್ಠ 30 ಸೆಕೆಂಡಿನ ಎಚ್ಚರಿಕೆಯ ತುಣುಕು, ಮೇಲೆ 20 ಸೆಕೆಂಡಿನ ಹೇಳಿಕೆ. ಇಂಟರ್‌ವಲ್ ಆದಮೇಲೆ ಅದೇ ಇನ್ನೊಮ್ಮೆ. ಪ್ರಾಣಿಗಳಿಗೆ ಹಿಂಸೆ ಮಾಡಿಲ್ಲ ಎಂಬ ಮಾತು. ಆಡಿಯೊ ಕಂಪನಿಯದು, ಅರ್ಪಿಸುವವರದು, ವಿತರಕರದು, ಜೊತೆ ನಿರ್ಮಾಪಕರದು. ಹಿಂದೆ ಒಂದು ಸಿನಿಮಾಕ್ಕೆ ಒಂದು ಬಾಗಿಲು ಇತ್ತು, ಈಗ ಗೇಟು, ಜಗಲಿ, ಪಡಸಾಲೆ, ನಡುಮನೆ ದಾಟಿ ಅಡುಗೆಮನೆ ಸೇರಬೇಕು. ಪ್ರತಿಯೊಂದು ಲೋಗೋದಲ್ಲೂ ಮೋಡ, ಮೋಡದಿಂದ ಬೆಳಕು, ಬೆಳಕಿನಿಂದ ಚಿನ್ನದ ಪುಡಿ, ಚಿನ್ನದ ಪುಡಿ ಒಟ್ಟುಗೂಡಿ ಹೆಸರು. ನಾಲ್ಕನೆಯದು ಮುಗಿಯುವಾಗ ಮೊದಲನೆಯದು ಯಾರದೆಂದು ಕೇಳಿದರೆ ಹೇಳುವವರು ಕಡಿಮೆ.

ಕ್ಯಾಬಿನ್ನಿನಲ್ಲಿ ಈಗ ರೀಲಿಲ್ಲ, ಅಂಟಿಲ್ಲ. ಸರ್ವರಿನಲ್ಲಿ ಪಟ್ಟಿ ಹಾಕಿಟ್ಟರೆ ಸಮಯಕ್ಕೆ ತಾನೇ ಓಡುತ್ತದೆ, ಲೆನ್ಸ್ ತಾನೇ ಸರಿಯುತ್ತದೆ. ಪಟ್ಟಿಯಲ್ಲಿ ಫ್ಲಾಟ್ (ಸ್ಕೋಪಿಗಿಂತ ಕಡಿಮೆ ಅಗಲದ ಅಳತೆ) ಎಂದಿರಬೇಕಾದ ಕಡೆ ಸ್ಕೋಪ್ ಎಂದು ಬಿದ್ದಿದ್ದರೆ ಲೋಗೋ ಪರದೆಯ ಅಂಚು ದಾಟಿ ಕರಿಬಟ್ಟೆಯ ಮೇಲೆ, ಗೋಡೆಯ ಮೇಲೆ ಚೆಲ್ಲುತ್ತದೆ. ಕಿಂಡಿಯ ಹಿಂದೆ ಯಾರೂ ನಿಂತಿರುವುದಿಲ್ಲ. ಕೂಗುವವರು ಅದೇ ಹಳೆಯ ‘ಆಪರೇಟ್ರೇ’ ಎಂದೇ ಕೂಗುತ್ತಾರೆ. ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಹುಡುಗ ಮೊಬೈಲಿನ ಬೆಳಕು ಹಿಡಿದುಕೊಂಡು ಕ್ಯಾಬಿನ್ನಿನ ಮೆಟ್ಟಿಲು ಹತ್ತುತ್ತಾನೆ. ಅವನು ಹತ್ತಿ ಮುಟ್ಟುವಷ್ಟರಲ್ಲಿ ಮೂರನೇ ಲೋಗೋ.