ಕರುವಿನ ಹೊಕ್ಕುಳಿಗೆ ಕೆಂಪು ಬಲ್ಬ್ ಸಾಕಾ?

ಹಾಸನ ಕಡೆಯ ಹೈನುಗಾರರ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಸುತ್ತುತ್ತಲೇ ಇರುತ್ತದೆ: ಆಗ ತಾನೇ ಹುಟ್ಟಿದ ಕರುವಿನ ಹೊಕ್ಕುಳಿಗೆ ಕೆಂಪು ಬಲ್ಬಿನ ಬೆಳಕು ಬಿಟ್ಟರೆ ಸಾಕು, ಔಷಧಿ ಬೇಡ ಅಂತ. ಇದು ತಪ್ಪು.

ಗಾಯಕ್ಕೆ ಬೆಳಕಿನ ಚಿಕಿತ್ಸೆ ಇರುವುದು ನಿಜ. ಅದಕ್ಕೆ ಬಳಸುವುದು ಲೇಸರ್ ಅಥವಾ ಎಲ್‌ಇಡಿ ಯಂತ್ರ. ತರಂಗಾಂತರ, ಸಮಯ ಎಲ್ಲ ಅಳತೆ ಪ್ರಕಾರ. ಕೊಟ್ಟಿಗೆಯ ಬಲ್ಬ್ ಕರುವನ್ನು ಬೆಚ್ಚಗಿಡುತ್ತದೆ, ಅಷ್ಟೇ. ಒದ್ದೆ ಹೊಕ್ಕುಳಿನಿಂದ ರೋಗಾಣು ಒಳಗೆ ಹೋಗಿ ರಕ್ತಕ್ಕೆ ಸೇರಿದರೆ ಮೊಣಕಾಲೂ ಊದಬಹುದು. ಹೊಕ್ಕುಳ ಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಬುಡದವರೆಗೂ ಅದ್ದಿ, ಬೇಗನೆ ಗಿಣ್ಣು ಹಾಲು ಕುಡಿಸಲೇಬೇಕು.

ಕಳಿಸಿದವರೂ ಕರು ಉಳಿಯಲಿ ಅಂತಲೇ ಕಳಿಸಿರುತ್ತಾರೆ ಅಲ್ವಾ? ಅವರನ್ನೇ ಕೇಳಿ: ಯಾವ ಯಂತ್ರ, ಎಷ್ಟು ಹೊತ್ತು? ಬೆಳಕು ಬಿಡದ ಕರುಗಳ ಜೊತೆ ಹೋಲಿಸಿ ನೋಡಿದ್ದಾರಾ? ಉತ್ತರ ಸಿಗದಿದ್ದರೆ ಪಶು ಆಸ್ಪತ್ರೆಯಲ್ಲಿ ಮೆಸೇಜ್ ತೋರಿಸಿ. ಹೊಕ್ಕುಳು ಊದಿದರೆ, ಮುಟ್ಟಿದಾಗ ಬಿಸಿ ಇದ್ದರೆ ಅಥವಾ ಕೀವು ಕಂಡರೆ ಅವತ್ತೇ ಡಾಕ್ಟರನ್ನು ಕರೆಸಿ.